18 ದಾಟಿದ ಮೇಲೆ: ಮನೆಯೋ, ಡೇ ಕೇರೋ, ಕೆಲಸವೋ, ವಸತಿ ಕೇಂದ್ರವೋ?

ನನ್ನ ತಮ್ಮನಿಗೆ ಈಗ 28 ವರ್ಷ. ಆಟಿಸಂ ಇದೆ, ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇದೆ. ಅವನಿಗೆ ಹದಿನೆಂಟು ತುಂಬಿದ ವರ್ಷ, ಹೋಗುತ್ತಿದ್ದ ಸ್ಪೆಷಲ್ ಸ್ಕೂಲಿನವರು ಅಮ್ಮನನ್ನು ಕರೆದು, "ಇನ್ನು ಮುಂದೆ ನಮ್ಮಲ್ಲಿ ಇಟ್ಕೊಳ್ಳೋಕೆ ಬರಲ್ಲಮ್ಮ, ವಯಸ್ಸು ದಾಟ್ತು" ಅಂದರು. ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಸ್ನಾನ ಮಾಡಿ, ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ಆಟೊ ಕಾಯುತ್ತಾ ನಿಂತ. ಹನ್ನೊಂದು ಗಂಟೆಯಾದರೂ ನಿಂತೇ ಇದ್ದ. ಅದರ ಮರುದಿನವೂ ನಿಂತ. ಹೀಗೆ ಸುಮಾರು ಎರಡು ತಿಂಗಳು ನಡೆಯಿತು.

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಹೀಗೆ ಬಾಗಿಲಲ್ಲಿ ನಿಂತವರು ಎಷ್ಟೋ ಜನ ಇದ್ದಾರೆ. 18ರ ಆ ಗೆರೆ ಕಾನೂನಿನಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಮಾತು ಆಡುವುದು 6ರಿಂದ 18 ವರ್ಷದವರೆಗೆ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಲು ಜಿಲ್ಲಾ ಮಟ್ಟದಲ್ಲಿ ಇರುವ ಡಿಇಐಸಿ ಕೇಂದ್ರವೂ 18ರವರೆಗೆ ಮಾತ್ರ ನೋಡುತ್ತದೆ. ಆಮೇಲಿನ ನಲವತ್ತು ಐವತ್ತು ವರ್ಷ ಏನು ಮಾಡಬೇಕು ಅನ್ನೋದನ್ನು ಮನೆಯವರೇ ಹುಡುಕಿಕೊಳ್ಳಬೇಕು. ನಾವು ಹುಡುಕಿದೆವು. ಈಗ ನಾನು ವಾರಕ್ಕೆ ಎರಡು ದಿನ ಒಂದು ಸೇವಾ ಸಂಸ್ಥೆಯ ಡೇ ಕೇರ್ ಕೇಂದ್ರದಲ್ಲಿ ಕೈಜೋಡಿಸುತ್ತೇನೆ. ಅಲ್ಲಿಗೆ ಬರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಇವನನ್ನ ಎಲ್ಲಿ ಇಡೋದು?" ಅಂತ. ನಾವೂ ಹಾಗೇ ಕೇಳಿದ್ದೆವು. ಅದರಿಂದಲೇ ಮೂರು ವರ್ಷ ದಾರಿ ತಪ್ಪಿದೆವು. ಕಟ್ಟಡ ನೋಡಿದೆವು, ಫೀಸ್ ಕೇಳಿದೆವು, ಮನೆಗೆ ಎಷ್ಟು ದೂರ ಅಂತ ಲೆಕ್ಕ ಹಾಕಿದೆವು. ಅಲ್ಲಿ ಅವನ ದಿನ ಹೇಗೆ ಕಳೆಯುತ್ತೆ ಅಂತ ಕೇಳಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಏನು, ಹತ್ತು ಗಂಟೆಗೆ ಏನು, ಯಾರ ಜೊತೆ ಊಟ, ಸಂಜೆ ಏನು, ಬೇಸರ ಆದಾಗ ಎಲ್ಲಿ ಹೋಗಿ ಕೂರುತ್ತಾನೆ. ಈ ಕೆಳಗಿನ ನಾಲ್ಕೂ ದಾರಿಗಳನ್ನು ನಾನು ಅಳೆಯುವುದು ಇದರಿಂದಲೇ.

ಹೆಸರಿನ ಗೊಂದಲ ಮೊದಲು ಬಿಡಿಸೋಣ

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಲ್ಲಿ ತಪ್ಪಿದರೆ ಹೋಗುವ ಬಾಗಿಲೇ ತಪ್ಪುತ್ತದೆ. ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ. ಮಾತು, ಜನರ ಜೊತೆಗಿನ ಒಡನಾಟ, ಸದ್ದು ಬೆಳಕು ತಟ್ಟುವ ಬಗೆ, ಎಲ್ಲ ಬೇರೆ ಥರ ಇರುತ್ತದೆ. ಅದು ಕಾಯಿಲೆಯಲ್ಲ, ಔಷಧ ಕೊಟ್ಟು ವಾಸಿ ಮಾಡುವಂಥದ್ದಲ್ಲ. ಬೌದ್ಧಿಕ ಅಂಗವೈಕಲ್ಯ ಅಂದರೆ ನಮ್ಮಲ್ಲಿ ಜನ ಇನ್ನೂ ಬುದ್ಧಿಮಾಂದ್ಯ ಅಂತ ಕರೆಯುವುದು. ಕಲಿಯುವುದು, ದಿನದ ಕೆಲಸ ಮಾಡಿಕೊಳ್ಳುವುದು ನಿಧಾನ. ಎರಡೂ ಒಟ್ಟಿಗೆ ಇರಬಹುದು, ಒಂದೊಂದೇ ಕೂಡ ಇರಬಹುದು. ಓದು ಬರಹ ಮಾತ್ರ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇನ್ನೊಂದೇ.

ಮಾನಸಿಕ ಕಾಯಿಲೆ ಇವೆಲ್ಲಕ್ಕಿಂತ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಹೊರಗಿಟ್ಟಿದೆ. ಹಾಗಾಗಿ ಸಂಬಂಧಿಕರು ಯಾರಾದರೂ "ಮಾನಸಿಕ ರೋಗಿಗಳ ಆಶ್ರಮ ಇದೆ, ಅಲ್ಲಿ ಬಿಡ್ರಿ" ಅಂದರೆ, ಅದು ನಿಮ್ಮ ಮಗನಿಗೆ ಮಾಡಿದ ಜಾಗ ಅಲ್ಲ.

ಮನೆಯಲ್ಲೇ ಇರುವುದು

ನಮ್ಮ ಕಡೆ ಬಹಳ ಮನೆಗಳಲ್ಲಿ ನಡೆಯುವುದು ಇದೇ. ಕೆಟ್ಟದ್ದೇನಲ್ಲ. ಗೊತ್ತಿರುವ ಗೋಡೆ, ಗೊತ್ತಿರುವ ಊಟ, ಗೊತ್ತಿರುವ ಮುಖ. ಬದಲಾವಣೆ ಅಂದರೆ ಜೀವ ಹೋದಂತೆ ಆಡುವವರಿಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಹಳ್ಳಿಯಲ್ಲಾದರೆ ಇನ್ನೂ ಒಂದು ಅನುಕೂಲ ಇದೆ. ಓಣಿಯವರಿಗೆಲ್ಲ ಅವನು ಗೊತ್ತು. ಬಾವಿ ಕಡೆ ಹೊರಟರೆ ಯಾರೋ ಒಬ್ಬರು ಕೈ ಹಿಡಿದು ಕರೆತರುತ್ತಾರೆ. ದನ ಬಿಚ್ಚುವುದು, ಕಟ್ಟಿಗೆ ತರುವುದು, ಶೇಂಗಾ ಬಿಡಿಸುವುದು, ಇಂಥ ಕೆಲಸಕ್ಕೆ ಅವನೂ ಬೇಕಾದವನೇ ಆಗಿರುತ್ತಾನೆ.

ಊರಲ್ಲೇ ಬೆಂಬಲ ಸಿಗುವ ಜಾಗಗಳೂ ಇವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ತಾಲ್ಲೂಕಿಗೆ ಇಂಥದೇ ಕೆಲಸದ ಎಂಆರ್‌ಡಬ್ಲ್ಯೂ ಇರುತ್ತಾರೆ. ಇವರೂ ಬಹಳ ಜನ ಅಂಗವಿಕಲರೇ, ಹಾಗಾಗಿ ಕಚೇರಿ ಅಲೆದಾಟದ ಕಷ್ಟ ಅವರಿಗೆ ಗೊತ್ತು. ಮೊದಲು ಅವರ ನಂಬರ್ ತಗೊಳ್ಳಿ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಈ ಮಾತು ಎತ್ತುವವರು ಬುದ್ಧಿಮಾಂದ್ಯರ ಅಪ್ಪ ಅಮ್ಮಂದಿರಲ್ಲಿ ಬಹಳ ಕಡಿಮೆ. ಎತ್ತಬೇಕು. ಕೊಪ್ಪಳ, ರಾಯಚೂರು ಭಾಗದಲ್ಲಿ ಸಮೂಹ ಎಂಬ ಸಂಸ್ಥೆ ಅಂಗವಿಕಲರ ನಡುವೆ ಬಹಳ ವರ್ಷದಿಂದ ಕೆಲಸ ಮಾಡಿದೆ. ಊರು ಬಿಡಿಸದೆ ಊರಲ್ಲೇ ಬೆಂಬಲ ಕೊಡುವ ಆ ದಾರಿಯ ಮೇಲೆ ನನಗೆ ಗೌರವ ಇದೆ.

ಆದರೆ ಪೇಟೆಯ ಎರಡು ಕೋಣೆ ಮನೆಯಲ್ಲಿ ಕಥೆಯೇ ಬೇರೆ. ನನ್ನ ತಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟ ಮೇಲೆ ಟಿವಿ ಮುಂದೆ ಕೂತ. ಒಂದೂವರೆ ವರ್ಷದಲ್ಲಿ ತೂಕ ಏರಿತು. ಶಾಲೆಯಲ್ಲಿ ಕಲಿತಿದ್ದ ಶರ್ಟಿನ ಗುಂಡಿ ಹಾಕಿಕೊಳ್ಳುವುದು ಮರೆತುಹೋಯಿತು, ಯಾಕೆಂದರೆ ಅಮ್ಮನೇ ಹಾಕಿಬಿಡುತ್ತಿದ್ದರು. ರಾತ್ರಿ ನಿದ್ದೆ ಇಲ್ಲ, ತಲೆ ಗೋಡೆಗೆ ಬಡಿದುಕೊಳ್ಳೋದು ಶುರುವಾಯಿತು. ಅಮ್ಮ ಎರಡು ವರ್ಷ ಒಂದು ಮದುವೆಗೂ ಹೋಗಲಿಲ್ಲ. ಮನೆ ಚೆನ್ನಾಗಿಯೇ ಇತ್ತು, ಆದರೆ ಅವನ ಹಗಲಿನಲ್ಲಿ ಏನೂ ಇರಲಿಲ್ಲ.

ಮನೆಯಲ್ಲೇ ಇರಿಸಿಕೊಳ್ಳುವುದಾದರೆ ಮೂರು ವಿಷಯ ನೋಡಿ. ದಿನಕ್ಕೆ ಎರಡು ಕೆಲಸ ಅವನದೇ ಆಗಿರಲಿ, ಬೇರೆ ಯಾರೂ ಮಾಡಬಾರದು. ವಾರಕ್ಕೆ ನಾಲ್ಕು ಸಲವಾದರೂ ಹೊಸ್ತಿಲು ದಾಟಲಿ. ಅಮ್ಮನ ಹೊರತು ಇನ್ನಿಬ್ಬರಿಗೆ ಅವನನ್ನು ಅರ್ಧ ದಿನ ನೋಡಿಕೊಳ್ಳೋಕೆ ಬರಲಿ. ಈ ಮೂರನೆಯದು ಇಲ್ಲದ ಮನೆಗಳನ್ನು ಕಂಡರೆ ನನಗೆ ಭಯ ಆಗುತ್ತೆ. ಅಮ್ಮನಿಗೆ ಒಂದು ದಿನ ಜ್ವರ ಬಂದರೆ ಆ ಮನೆ ನಿಂತುಬಿಡುತ್ತದೆ.

ಸಂಸ್ಥೆಯ ಡೇ ಕೇರ್

ಬೆಳಿಗ್ಗೆ ಹೋಗಿ ಸಂಜೆ ಬರುವುದು. ನನ್ನ ಅಭಿಪ್ರಾಯದಲ್ಲಿ 18 ದಾಟಿದ ಬಹುತೇಕರಿಗೆ ಮೊದಲು ನೋಡಬೇಕಾದ್ದು ಇದೇ. ರಾತ್ರಿ ಮನೆಯ ಹಾಸಿಗೆ ಉಳಿಯುತ್ತದೆ, ಹಗಲಿಗೆ ಒಂದು ಅರ್ಥ ಬರುತ್ತದೆ, ಅಮ್ಮನಿಗೆ ಐದಾರು ಗಂಟೆ ಉಸಿರಾಡಲು ಸಿಗುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕಾಗಿಯೇ 1999ರ ಕಾಯ್ದೆಯಿಂದ ಹುಟ್ಟಿದ್ದು. ಅದರ ವಿಕಾಸ್ ಯೋಜನೆ 10 ವರ್ಷ ಮೇಲ್ಪಟ್ಟವರ ಡೇ ಕೇರಿಗೆ ಇರುವುದು. ಅಂಗವಿಕಲರ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ನೆರವು ಕೊಡುವ ದೀನದಯಾಳ್ ಯೋಜನೆಯ ಅನುದಾನದಲ್ಲೂ ಕೆಲವು ಸಂಸ್ಥೆಗಳು ನಡೆಯುತ್ತವೆ. ಹೋದ ಕಡೆ ನೇರವಾಗಿ ಕೇಳಿ: ನೀವು ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿಸಿದ್ದೀರಾ, ಅಂಗವಿಕಲರ ಕಾಯ್ದೆಯ ಅಡಿ ನಿಮ್ಮ ನೋಂದಣಿ ಪತ್ರ ಎಲ್ಲಿದೆ? ಆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ಒಳ್ಳೆಯ ಸಂಸ್ಥೆಯವರು ಈ ಪ್ರಶ್ನೆಗೆ ಮುಖ ಗಂಟು ಹಾಕುವುದಿಲ್ಲ. ಗೋಡೆಗೆ ತೂಗುಹಾಕಿರುತ್ತಾರೆ.

ಶಿಕ್ಷಕರ ವಿಷಯದಲ್ಲೂ ಹಾಗೆಯೇ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಆರ್‌ಸಿಐ ನಂಬರ್ ಅನ್ನುತ್ತಾರೆ. ಎಲ್ಲರಿಗೂ ಇರಬೇಕಿಲ್ಲ. ಪ್ರೀತಿಯಿಂದ ನೋಡಿಕೊಳ್ಳುವ ಆಯಾ ಅಕ್ಕಂದಿರ ಬೆಲೆ ನನಗೆ ಗೊತ್ತು. ಆದರೆ ಒಬ್ಬರಿಗಾದರೂ ಇರಲೇಬೇಕು.

ಇನ್ನು ಕಣ್ಣಿಂದ ನೋಡಬೇಕಾದ್ದು. ನಾವು ಮೊದಲು ಹೋದ ಒಂದು ಕೇಂದ್ರದಲ್ಲಿ ಬಣ್ಣ ಬಣ್ಣದ ಚಾರ್ಟು, ಹೊಸ ಕುರ್ಚಿ ಎಲ್ಲ ಇತ್ತು. ಮೂವತ್ತರ ಗಂಡಸರಿಗೆ ಎಬಿಸಿಡಿ ಬರೆಸುತ್ತಿದ್ದರು, "ಮಕ್ಕಳೇ" ಅಂತ ಕರೆಯುತ್ತಿದ್ದರು. ಹತ್ತು ವರ್ಷದಿಂದ ಅದೇ ಎಬಿಸಿಡಿ. ಎರಡನೆಯ ಕೇಂದ್ರ ಹಳೆಯ ಮನೆಯೊಂದರಲ್ಲಿತ್ತು. ನಾವು ಹೋದಾಗ ಆರೇಳು ಜನ ನೆಲದ ಮೇಲೆ ಕೂತು ಮಧ್ಯಾಹ್ನದ ಸಾರಿಗೆ ಬೀನ್ಸ್ ಮುರಿಯುತ್ತಿದ್ದರು. ಮಾತು ಬಾರದ ಒಬ್ಬ ಹುಡುಗಿ ಕೊರಳಲ್ಲಿ ನೇತುಹಾಕಿದ್ದ ಚಿತ್ರದ ಕಾರ್ಡುಗಳಲ್ಲಿ ಚೊಂಬಿನ ಚಿತ್ರ ತೋರಿಸಿದಳು. ಟೀಚರ್ ಮಾತಾಡುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ಎದ್ದು ನೀರು ಕೊಟ್ಟರು. ಅಷ್ಟೇ ನಡೆದದ್ದು. ಹೊರಗೆ ಬಂದ ಮೇಲೆ ಅಮ್ಮ, "ಇಲ್ಲೇ ಬಿಡೋಣ" ಅಂದರು.

ಆ ಟೀಚರ್ ಮೊದಲ ದಿನ ನಮಗೆ ಕೇಳಿದ್ದು ಅವನ ಐಕ್ಯೂ ಅಲ್ಲ. "ಇವರಿಗೆ ಏನು ಕಂಡ್ರೆ ಆಗಲ್ಲ? ಏನು ಇದ್ರೆ ಸಮಾಧಾನ?" ಅಂತ ಕೇಳಿದರು. ಮಿಕ್ಸಿ ಸದ್ದು ಆಗಲ್ಲ ಅಂದೆವು. ಅಂಚಿನಲ್ಲಿ ಸಣ್ಣ ತಗ್ಗು ಬಿದ್ದ ತನ್ನ ಸ್ಟೀಲ್ ಲೋಟ ಬಿಟ್ಟು ಬೇರೆಯದರಲ್ಲಿ ನೀರು ಕುಡಿಯಲ್ಲ ಅಂದೆವು. ಮರುದಿನ ಕಪಾಟಿನಲ್ಲಿ ಅವನ ಫೋಟೊ ಅಂಟಿಸಿ, ಅದರ ಕೆಳಗೆ ಲೋಟ ಇಡಲು ಜಾಗ ಮಾಡಿದ್ದರು. ಮಿಕ್ಸಿ ಹಾಕುವ ಮುಂಚೆ ಅವನಿಗೆ ಹೇಳಿ ಅಂಗಳಕ್ಕೆ ಕಳಿಸುತ್ತಿದ್ದರು. ಆಟಿಸಂ ಇರುವ ಬಹಳ ಜನರಿಗೆ ಸದ್ದು, ಬೆಳಕು, ವಾಸನೆ, ಬಟ್ಟೆಯ ಒರಟು ನಮಗಿಂತ ಜಾಸ್ತಿ ತಟ್ಟುತ್ತದೆ. ಕೆಲವರಿಗೆ ಕಡಿಮೆ ತಟ್ಟುತ್ತದೆ, ಕೈ ಸುಟ್ಟರೂ ಹೇಳುವುದಿಲ್ಲ. ಇದನ್ನು ತಿಳಿದವರ ಕೇಂದ್ರ ಹಳೆ ಮನೆಯಲ್ಲಿದ್ದರೂ ಒಳ್ಳೆಯದೇ.

ಬೇಸಿಗೆಯಲ್ಲಿ ಒಂದು ಸಲ ಹೋಗಿ ನೋಡಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ರಾಯಚೂರಿನ ಬಿಸಿಲಂತೂ ಹೇಳೋದೇ ಬೇಡ. ತಗಡಿನ ಶೆಡ್ಡಿನ ಕೆಳಗೆ ಸೆಕೆ ಆಗುತ್ತಿದೆ ಅಂತ ಹೇಳಲು ಬಾರದವರನ್ನು ಕೂರಿಸಿದ್ದರೆ, ಫೀಸ್ ಇಲ್ಲದಿದ್ದರೂ ಬೇಡ.

ಡೇ ಕೇರಿನ ದೊಡ್ಡ ತೊಡಕು ದೂರ. ಜಿಲ್ಲಾ ಕೇಂದ್ರದಲ್ಲಿ ಇದ್ದರೆ ಸಂಡೂರು, ದೇವದುರ್ಗ, ಕುಷ್ಟಗಿಯ ಹಳ್ಳಿಯವರು ದಿನಾ ಬಂದು ಹೋಗಲು ಆಗಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ, ಶಕ್ತಿ ಯೋಜನೆಯಿಂದ ಅಮ್ಮನಿಗೆ ಟಿಕೆಟ್ ಇಲ್ಲ. ಹಾಗಾಗಿ ದುಡ್ಡಿನ ಕಷ್ಟ ಸ್ವಲ್ಪ ಕಡಿಮೆಯಾಗಿದೆ. ಆದರೆ ತುಂಬಿದ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಕೂಗುವ ಮಗನನ್ನು ದಿನಾ ಎರಡು ಸಲ ಕರೆದೊಯ್ಯುವುದು ಅಮ್ಮನಿಗೆ ಎಷ್ಟು ದಿನ ಆದೀತು? ಇಂಥವರು ವಾರಕ್ಕೆ ಎರಡು ದಿನ ಬರುತ್ತೇವೆ, ಉಳಿದ ದಿನ ಮನೆಯಲ್ಲಿ ಮಾಡಿಸಲು ಹೇಳಿಕೊಡಿ ಅಂತ ಕೇಳಿ. ಒಪ್ಪುವ ಸಂಸ್ಥೆಗಳಿವೆ.

ಕೆಲಸ

"ಇವನಿಗೇನು ಕೆಲಸ ಬರುತ್ತೆ" ಅನ್ನುವವರಿಗೆ ನಾನು ಜೀನ್ಸ್ ಕಥೆ ಹೇಳುತ್ತೇನೆ. ಬಳ್ಳಾರಿಯ ಜೀನ್ಸ್ ಎಲ್ಲರಿಗೂ ಗೊತ್ತು, ಕೌಲ್ ಬಜಾರ್ ಕಡೆ ಹೋದರೆ ಮನೆ ಮನೆಯಲ್ಲಿ ಮಷಿನ್ ಸದ್ದು. ಹೊಲಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ದಾರದ ತುದಿ ಉಳಿದಿರುತ್ತದೆ, ಅದನ್ನು ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ನಮ್ಮ ಪರಿಚಯದವರೊಬ್ಬರು ಇಪ್ಪತ್ತು ಪ್ಯಾಂಟಿನ ಒಂದು ಕಟ್ಟು ತಂದುಕೊಟ್ಟರು. ಮೊದಲ ದಿನ ತಮ್ಮ ಮೂರು ಪ್ಯಾಂಟ್ ಮಾಡಿದ. ಆದರೆ ಆ ಮೂರರಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ. ಒಳಗಿನ ಹೊಲಿಗೆ, ಜೇಬಿನ ಮೂಲೆ, ಬೆಲ್ಟ್ ಲೂಪಿನ ಹಿಂದೆ, ಎಲ್ಲ ಕಡೆ ಬೆರಳಾಡಿಸಿ ಹುಡುಕಿ ಕತ್ತರಿಸಿದ್ದ. ಒಂದೇ ಥರದ ಕೆಲಸ ನಮಗೆ ಬೇಸರ, ಅವನಿಗೆ ಅದೇ ನೆಮ್ಮದಿ. ಈಗ ಡೇ ಕೇರಿನಿಂದ ಬಂದ ಮೇಲೆ ದಿನಾ ಹತ್ತು ಪ್ಯಾಂಟ್ ಮಾಡುತ್ತಾನೆ. ಘಟಕದ ಒಳಗೆ ಕೂತು ಮಾಡಲಾರ, ಮಷಿನ್ ಸದ್ದಿಗೆ ಐದು ನಿಮಿಷ ನಿಲ್ಲಲ್ಲ. ಮನೆಯ ಹಿಂದಿನ ಕಟ್ಟೆಯ ಮೇಲಾದರೆ ಆಗುತ್ತದೆ.

ಕೆಲಸದಲ್ಲಿ ಎರಡು ಬಗೆ. ಒಂದು, ಸಂಸ್ಥೆಯೊಳಗಿನ ಕೆಲಸದ ಶೆಡ್. ಕಾಗದದ ಚೀಲ, ಊದುಬತ್ತಿ, ಫಿನಾಯಿಲ್, ಹಣತೆಗೆ ಬಣ್ಣ, ಇಂಥವು. ಜೊತೆಗೆ ಟೀಚರ್ ಇರುತ್ತಾರೆ, ಬೈಯುವವರಿಲ್ಲ. ಇನ್ನೊಂದು, ಹೊರಗಿನ ಕೆಲಸ: ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸುವುದು, ಹೋಟೆಲಿನಲ್ಲಿ ಪ್ಲೇಟ್ ಒರೆಸುವುದು, ಸೋದರಮಾವನ ಅಂಗಡಿಯಲ್ಲಿ ಸಾಮಾನು ಜೋಡಿಸುವುದು. ನನ್ನ ಒಲವು ಎರಡನೆಯದರ ಕಡೆ, ಜಾಗ ಒಳ್ಳೆಯದಿದ್ದರೆ. ಅಂಗಡಿಗೆ ಬಂದವರು ಅವನ ಹೆಸರು ಹಿಡಿದು ಕರೆಯುತ್ತಾರೆ, ಸಂಜೆ ಕೈಗೆ ದುಡ್ಡು ಬರುತ್ತದೆ. ಆದರೆ ಮಾತು ಕಡಿಮೆ ಇರುವವರು, ಸಿಟ್ಟು ಬಂದಾಗ ಕೈ ಎತ್ತುವವರು, ಮೂರ್ಛೆ ಬರುವವರು ಮೊದಲು ಶೆಡ್ಡಿನಲ್ಲಿ ಕಲಿತು ಆಮೇಲೆ ಹೊರಗೆ ಹೋಗುವುದು ಒಳ್ಳೆಯದು. ಬಿಸಿ ಎಣ್ಣೆ, ತಿರುಗುವ ಬೆಲ್ಟ್ ಇರುವ ಕಡೆ ಬೇಡವೇ ಬೇಡ.

ದುಡ್ಡಿನ ಮಾತು ಮೊದಲೇ ಆಡಿ. "ಟ್ರೇನಿಂಗ್" ಅಂತ ಹೇಳಿ ವರ್ಷಗಟ್ಟಲೆ ಪುಕ್ಕಟೆ ದುಡಿಸುವ ಕಡೆಗಳಿವೆ. ಮಾಡಿದ ಮಾಲು ಮಾರಿದರೆ ಅವನ ಪಾಲೆಷ್ಟು, ಯಾರ ಖಾತೆಗೆ ಹೋಗುತ್ತದೆ, ಬರೆದು ಕೊಡಲಿ. ನನ್ನ ತಮ್ಮನಿಗೆ ದುಡ್ಡಿನ ಲೆಕ್ಕ ಬರಲ್ಲ. ಆದರೂ ಶನಿವಾರ ಕೂಲಿ ಅವನ ಕೈಗೇ ಕೊಡುತ್ತೇವೆ. ಅವನೇ ಹೋಗಿ ಮಿರ್ಚಿ ತರುತ್ತಾನೆ, ಮಂಡಕ್ಕಿ ಜೊತೆ. ಮಿರ್ಚಿಯವರಿಗೆ ಅವನ ಲೆಕ್ಕ ಗೊತ್ತು.

ಸರ್ಕಾರಿ ನೌಕರಿಯಲ್ಲೂ ಬಾಗಿಲಿದೆ. ಅಂಗವಿಕಲರ ಶೇ 4 ಮೀಸಲಾತಿಯಲ್ಲಿ ಶೇ 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಸೇರಿದ್ದು. ಎಸ್ಸೆಸ್ಸೆಲ್ಸಿ ಮುಗಿಸಿದವರು ಇದನ್ನು ಬಿಡಬೇಡಿ.

ವಸತಿ ಕೇಂದ್ರ

ಇದನ್ನು ಬರೆಯುವುದು ಕಷ್ಟ. ಬೇಡ ಅಂತ ನಾನು ಹೇಳಲಾರೆ. ಅಪ್ಪ ಅಮ್ಮ ಇಲ್ಲದವರು, ಒಬ್ಬರೇ ವಯಸ್ಸಾದ ಅಮ್ಮ ಇದ್ದು ಮಗನನ್ನು ಎತ್ತಿ ಕೂರಿಸಲಾಗದವರು, ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು, ಇಂಥವರಿಗೆ ಒಳ್ಳೆಯ ವಸತಿ ಕೇಂದ್ರ ಜೀವ ಉಳಿಸುತ್ತದೆ. ನ್ಯಾಷನಲ್ ಟ್ರಸ್ಟಿನ ಘರೋಂದಾ ಯೋಜನೆ 18 ದಾಟಿದವರು ಜೀವನಪೂರ್ತಿ ಇರಲು ಮಾಡಿದ್ದು. ಸಮರ್ಥ್ ಎಂಬ ಯೋಜನೆ ಸ್ವಲ್ಪ ದಿನದ ಮಟ್ಟಿಗೆ ಇರಿಸಿಕೊಳ್ಳುವುದಕ್ಕೆ.

ನಾವು ನೋಡಿದ ಒಂದು ಕಡೆ ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ಜನ ಗೋಡೆಗೊರಗಿ ಸಾಲಾಗಿ ಕೂತಿದ್ದರು. ಎಲ್ಲರ ತಲೆಯೂ ನುಣ್ಣಗೆ ಬೋಳಿಸಿತ್ತು. ಯಾರೂ ಗಲಾಟೆ ಮಾಡುತ್ತಿರಲಿಲ್ಲ. "ನೋಡ್ರಿ, ಎಷ್ಟು ಶಾಂತ ಅದಾರ" ಅಂತ ನಡೆಸುವವರು ಹೆಮ್ಮೆಯಿಂದ ಹೇಳಿದರು. ನಾನು ಲೋಟದ ವಿಷಯ ಕೇಳಿದೆ. "ಇಲ್ಲಿ ಎಲ್ಲರಿಗೂ ಒಂದೇ ರೀ, ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಮಾಡಾಕ ಆಗಂಗಿಲ್ಲ" ಅಂದರು. ಒಂದೇ ಸಲ ದೊಡ್ಡ ಮೊತ್ತ ಡಿಪಾಸಿಟ್ ಕೇಳಿದರು, ರಸೀದಿಯ ಮಾತೇ ಬರಲಿಲ್ಲ. ಮೊದಲ ಆರು ತಿಂಗಳು ಮನೆಯವರು ಬರಬಾರದು, ಬಂದರೆ ಹೊಂದಿಕೊಳ್ಳಲ್ಲ ಅಂದರು. ನಾವು ವಾಪಸ್ ಬಂದೆವು.

ಆ ಆರು ತಿಂಗಳ ಮಾತು ಎಲ್ಲಿ ಕೇಳಿಸಿದರೂ ಅಲ್ಲಿಂದ ಎದ್ದು ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಸತ್ತರು. ಅವರು ಮಾನಸಿಕ ಕಾಯಿಲೆಯವರು. ಆದರೆ ಅವರ ಮನೆಯವರೂ ನಮ್ಮಂತೆಯೇ "ಎಲ್ಲಿ ಇಡೋದು" ಅಂತ ಹುಡುಕಿದವರೇ ಇರಬೇಕು. ಯಾವ ಹೊತ್ತಿಗಾದರೂ ಹೇಳದೆ ಹೋಗಿ ನೋಡಲು ಬಿಡುತ್ತಾರಾ? ವಾರಕ್ಕೊಮ್ಮೆ ವಿಡಿಯೊ ಕಾಲ್ ಇದೆಯಾ? ರಾತ್ರಿ ಎಷ್ಟು ಜನಕ್ಕೆ ಒಬ್ಬರು ಎಚ್ಚರ ಇರುತ್ತಾರೆ? ಬಾಗಿಲಿಗೆ ಬೀಗ ಹೊರಗಿನಿಂದಲೋ ಒಳಗಿನಿಂದಲೋ? ಅವನ ಬಟ್ಟೆ ಅವನಿಗೇ ಸಿಗುತ್ತದಾ? ಸುಮ್ನೆ ಕೂರಿಸಲು ಮಾತ್ರೆ ಕೊಡುತ್ತಾರಾ? ಯಾವ ಮಾತ್ರೆ, ಯಾವ ಡಾಕ್ಟರ್ ಬರೆದದ್ದು ಅಂತ ಚೀಟಿ ತೋರಿಸುತ್ತಾರಾ?

ಮೂರ್ಛೆಯ ವಿಷಯ ಬೇರೆಯಾಗಿಯೇ ಕೇಳಿ, ಯಾಕೆಂದರೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಅದು ಬೇರೆಯವರಿಗಿಂತ ಜಾಸ್ತಿ. ಫಿಟ್ಸ್ ಬಂದಾಗ ಏನು ಮಾಡ್ತೀರಿ ಅಂತ ರಾತ್ರಿ ಪಾಳಿಯವರನ್ನೇ ಕೇಳಬೇಕು. ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. "ಕೈಗೆ ಕಬ್ಬಿಣ ಕೊಡ್ತೀವಿ, ಉಳ್ಳಾಗಡ್ಡಿ ಮೂಸಿಸ್ತೀವಿ" ಅಂದರೆ ಅವರಿಗೆ ತರಬೇತಿ ಆಗಿಲ್ಲ.

ಹೆಣ್ಣುಮಕ್ಕಳ ಮನೆಯವರು ಇನ್ನೊಂದು ಮಾತು ಗಟ್ಟಿಯಾಗಿ ಕೇಳಬೇಕು. ಸ್ನಾನ, ಬಟ್ಟೆ, ಮುಟ್ಟಿನ ದಿನಗಳನ್ನು ನೋಡಿಕೊಳ್ಳುವವರು ಹೆಂಗಸರೇನಾ? ರಾತ್ರಿಯೂ? ಕೆಲವು ಕಡೆ "ಗರ್ಭಕೋಶ ತೆಗೆಸಿಬಿಡಿ, ತೊಂದರೆ ತಪ್ಪುತ್ತೆ" ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಬೌದ್ಧಿಕ ಅಂಗವೈಕಲ್ಯ ಇರುವ ಹೆಣ್ಣಿನ ದೇಹದ ಮೇಲಿನ ಹಕ್ಕು ಅವಳದೇ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಚಂಡೀಗಢದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ. ಗರ್ಭಕೋಶ ತೆಗೆಸಿದರೆ ದೌರ್ಜನ್ಯ ನಿಲ್ಲುವುದಿಲ್ಲ, ನಡೆದದ್ದು ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ಅಂಗವಿಕಲ ಹೆಣ್ಣಿನ ಮೇಲೆ ದೌರ್ಜನ್ಯ ಮಾಡಿದವರಿಗೆ 2016ರ ಕಾಯ್ದೆಯಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು ಇದೆ.

ದೂರದ ದೊಡ್ಡ ಊರಿನ ಕೇಂದ್ರವೋ, ಹತ್ತಿರದ್ದೋ? ಬೆಂಗಳೂರಿನಲ್ಲಿ ಸೌಲಭ್ಯ ಜಾಸ್ತಿ, ನಿಜ. ಆದರೆ ಬಳ್ಳಾರಿಯಿಂದ ಅದು 300 ಕಿಲೋಮೀಟರ್. ತಿಂಗಳಿಗೊಮ್ಮೆ ಹೋಗುತ್ತೇವೆ ಅಂದವರು ವರ್ಷಕ್ಕೊಮ್ಮೆ ಹೋಗುವುದನ್ನು ಕಂಡಿದ್ದೇನೆ. ಅಲ್ಲಿ ಜೋಳದ ರೊಟ್ಟಿ ಇಲ್ಲ, ನಮ್ಮ ಮಾತಿನ ಧಾಟಿ ಇಲ್ಲ. ಮಾತೇ ಕಡಿಮೆ ಇರುವವನಿಗೆ ಆ ಧಾಟಿಯೂ ತಪ್ಪಿದರೆ ಉಳಿಯುವುದೇನು? ನಾನಾದರೆ ಸ್ವಲ್ಪ ಸೌಲಭ್ಯ ಕಡಿಮೆಯಿದ್ದರೂ ಎರಡು ಗಂಟೆಯಲ್ಲಿ ತಲುಪುವ ಜಾಗವನ್ನೇ ಆರಿಸುತ್ತೇನೆ.

ಪರೀಕ್ಷೆ, ಸಲಹೆ, ತರಬೇತಿಗೆ ಮಾತ್ರ ದೂರ ಹೋಗಿ. ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೇ ಇರುವ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ ಇದೆ, 1984ರಲ್ಲಿ ಶುರುವಾದದ್ದು. ರಾಯಚೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಅದೇ ಹತ್ತಿರ. ಒಬ್ಬರೇ ಪ್ರಯಾಣ ಮಾಡಲಾಗದ ಬೌದ್ಧಿಕ ಅಂಗವಿಕಲರಿಗೆ ರೈಲಿನ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ.

ಯಾವ ದಾರಿ ಹಿಡಿದರೂ ಬೇಕಾದ ಕಾಗದ

ಮೊದಲನೆಯದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಪರೀಕ್ಷೆಗೆ ಹೋಗಬೇಕು. ಬಳ್ಳಾರಿಯಲ್ಲಿ ವಿಮ್ಸ್ ಅಂತಲೇ ನಾವು ಇನ್ನೂ ಕರೆಯುವ ಬಿಎಂಸಿಆರ್‌ಸಿ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಆಸ್ಪತ್ರೆಗಳಿವೆ. ಯಾವ ವಾರ ಪರೀಕ್ಷೆ ಮಾಡುವ ವೈದ್ಯರ ಬೋರ್ಡ್ ಕೂರುತ್ತದೆ ಅಂತ ವಿಆರ್‌ಡಬ್ಲ್ಯೂ ಹತ್ತಿರ ಕೇಳಿಕೊಂಡೇ ಹೊರಡಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದರೆ ಮಾಸಾಶನ, ಪಾಸ್ ಎಲ್ಲಕ್ಕೂ ದಾರಿ ಆಗುತ್ತದೆ.

ಎರಡನೆಯದು ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ, ಮೊದಲೇ ಇದ್ದ ತೊಂದರೆ ಅಂತ ತಳ್ಳುವುದಿಲ್ಲ, ಥೆರಪಿಗೂ ಒಂದು ಪಾಲು ಸಿಗುತ್ತದೆ. ವರ್ಷ ವರ್ಷ ನವೀಕರಿಸುವುದನ್ನು ಮರೆಯಬೇಡಿ, ಎಷ್ಟೋ ಜನ ಅಲ್ಲೇ ಕಳೆದುಕೊಳ್ಳುತ್ತಾರೆ.

ಮೂರನೆಯದು ಪೋಷಕತ್ವ. 18 ತುಂಬಿದ ದಿನದಿಂದ ಅಪ್ಪ ಅಮ್ಮ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಹೊಲ ಮನೆ ಪಾಲಿನಲ್ಲಿ ಇದು ಎದುರಾಗುತ್ತದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದನ್ನು ಕೊಡುತ್ತದೆ. ಕೋರ್ಟ್ ಬೇಕಿಲ್ಲ, ವಕೀಲರೂ ಬೇಕಿಲ್ಲ. ಅಪ್ಪ ಅಮ್ಮ, ಸಂಬಂಧಿಕರು, ನೋಂದಾಯಿತ ಸಂಸ್ಥೆ ಯಾರಾದರೂ ಅರ್ಜಿ ಹಾಕಬಹುದು. ಪೋಷಕರಾದವರು ಆಸ್ತಿಯ ಪಟ್ಟಿಯನ್ನು ಆರು ತಿಂಗಳೊಳಗೆ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅಮ್ಮ ಗಟ್ಟಿ ಇದ್ದಾಗಲೇ ನಾವು ಇದನ್ನು ಮಾಡಿಸಿದೆವು. ಪತ್ರದಲ್ಲಿ ಈಗ ನನ್ನ ಹೆಸರಿದೆ. ಅಪ್ಪ ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿಗೆ ಮಗನ ಹೆಸರನ್ನು ಸೇವೆಯಲ್ಲಿರುವಾಗಲೇ ದಾಖಲೆಗೆ ಸೇರಿಸಿ.

ಹಾಗಾದರೆ ಯಾವುದು?

ಒಂದನ್ನೇ ಆರಿಸಬೇಕು ಅಂತೇನೂ ಇಲ್ಲ. ನನ್ನ ತಮ್ಮನಿಗೆ ಹಗಲು ಡೇ ಕೇರ್, ಸಂಜೆ ಪ್ಯಾಂಟಿನ ಕಟ್ಟು, ರಾತ್ರಿ ಮನೆ. ಹೊಲ ಇರುವ, ಮನೆ ತುಂಬ ಜನ ಇರುವ ಹಳ್ಳಿಯವರು ಮನೆಯನ್ನೇ ಗಟ್ಟಿ ಮಾಡಿ, ಸಂಸ್ಥೆಯವರನ್ನು ತಿಂಗಳಿಗೊಮ್ಮೆ ಕರೆಸಿಕೊಳ್ಳಿ. ಪೇಟೆಯ ಸಣ್ಣ ಮನೆಯವರು ಡೇ ಕೇರ್ ಹುಡುಕಿ. ಮಾತಾಡುವ, ಒಬ್ಬರೇ ಓಡಾಡುವ ಹುಡುಗ ಹುಡುಗಿಯರನ್ನು ಡೇ ಕೇರಿನಲ್ಲಿ ಕೂರಿಸಬೇಡಿ, ಕೆಲಸಕ್ಕೆ ಕಳಿಸಿ. ಅಮ್ಮನಿಗೆ 60 ದಾಟಿದ್ದರೆ, ಬೇರೆ ಯಾರೂ ಇಲ್ಲದಿದ್ದರೆ, ವಸತಿ ಕೇಂದ್ರವನ್ನು ಇವತ್ತೇ ಹುಡುಕಲು ಶುರು ಮಾಡಿ. ಅಮ್ಮನ ಮಣ್ಣು ಮುಗಿದ ಮರುದಿನ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹಾಸಿಗೆಗೆ ಯಾರನ್ನೂ ಕಳಿಸಬಾರದು. ಅಂಥವರನ್ನು ನಾನು ನೋಡಿದ್ದೇನೆ. ಊಟ ಬಿಟ್ಟುಬಿಡುತ್ತಾರೆ.

ನಮ್ಮ ಅಮ್ಮನಿಗೆ 63. ನಾವು ಮನೆಯಿಂದ ಹೆಚ್ಚು ದೂರವಿಲ್ಲದ ಒಂದು ವಸತಿ ಕೇಂದ್ರದಲ್ಲಿ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸುತ್ತಿದ್ದೇವೆ. ಮೊದಲು ಮಧ್ಯಾಹ್ನದ ಊಟಕ್ಕೆ ಮಾತ್ರ ಹೋಗಿ ಬಂದ. ಆಮೇಲೆ ಒಂದು ರಾತ್ರಿ, ನಾನೂ ಪಕ್ಕದಲ್ಲೇ ಮಲಗಿದ್ದೆ. ಹೋದ ತಿಂಗಳು ಎರಡು ರಾತ್ರಿ ಒಬ್ಬನೇ ಇದ್ದ. ಒಂದನೆಯ ರಾತ್ರಿ ನಿದ್ದೆ ಮಾಡಲಿಲ್ಲ, ಎರಡನೆಯ ರಾತ್ರಿ ಮಾಡಿದ. ಅಲ್ಲಿನವರಿಗಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅಮ್ಮ ಹೇಳುತ್ತಾರೆ, ನಾನು ಬರೆಯುತ್ತೇನೆ. ಹೊಟ್ಟೆ ನೋವು ಬಂದರೆ ಎಡಗೈ ಕಚ್ಚಿಕೊಳ್ಳುತ್ತಾನೆ. "ಬಸ್ಸು" ಅಂದರೆ ಮನೆಗೆ ಹೋಗಬೇಕು ಅಂತ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಕೊಡಬೇಕು, ಎರಡು ಮಾಡಿದರೆ ಮುಟ್ಟಲ್ಲ. ಈ ವಾರ ಬರೆದ ಪುಟ, ರಾತ್ರಿ ಕರೆಂಟ್ ಹೋದಾಗ ಏನು ಮಾಡಬೇಕು ಅನ್ನೋದು.